ಪಿಕಪ್ ಎತ್ತರಿಸುವ ಮುನ್ನ: ಕರಾವಳಿಯ ದಾರಿಗಳಿಗೆ ಯಾವ ಸಸ್ಪೆನ್ಷನ್ ಕಿಟ್ ಹೊಂದುತ್ತದೆ?

ಖಾಲಿ ಪಿಕಪ್ ಒಂದನ್ನು ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿ ಪಕ್ಕದಿಂದ ನೋಡಿದರೆ ಅದರ ಮೂತಿ ತುಸು ತಗ್ಗಿರುವುದೂ ಹಿಂಭಾಗ ಏರಿರುವುದೂ ಕಣ್ಣಿಗೆ ಬೀಳುತ್ತದೆ. 2016ರಲ್ಲಿ ಭಾರತಕ್ಕೆ ಬಂದ ಇಸುಜು ವಿ-ಕ್ರಾಸ್ ಆಗಲಿ, 2022ರಲ್ಲಿ ಬಂದ ಟೊಯೊಟಾ ಹೈಲಕ್ಸ್ ಆಗಲಿ, ಮಲ್ಪೆ ಬಂದರಿನಿಂದ ಮೀನು ಹೊರುವ ಬೊಲೆರೊ ಪಿಕಪ್ ಆಗಲಿ, ಎಲ್ಲದರಲ್ಲೂ ಈ ಓರೆ ಹೆಚ್ಚು ಕಡಿಮೆ ಇದ್ದೇ ಇರುತ್ತದೆ. ಲೋಡ್ ಬಾಡಿಯ ಮೇಲೆ ಭಾರ ಬಿದ್ದಾಗ ಹಿಂದಿನ ಲೀಫ್ ಸ್ಪ್ರಿಂಗ್‌ಗಳು, ಅಂದರೆ ಬಾಗಿದ ಉಕ್ಕಿನ ಪ್ಲೇಟುಗಳನ್ನು ಪೇರಿಸಿ ಕಟ್ಟಿದ ಸ್ಪ್ರಿಂಗ್‌ಗಳು, ಕುಗ್ಗಿ ಗಾಡಿ ನೆಲಕ್ಕೆ ಸಮನಾಗಿ ನಿಲ್ಲಬೇಕೆಂದು ತಯಾರಕರು ಲೆಕ್ಕ ಹಾಕಿಯೇ ಇದನ್ನು ಹೀಗೆ ಇಟ್ಟಿರುತ್ತಾರೆ. ಮುಂಭಾಗವನ್ನಷ್ಟೇ ಎತ್ತಿ ಈ ಓರೆಯನ್ನು ತೆಗೆಯುವ ಸಾಮಗ್ರಿಗೆ ಲೆವೆಲಿಂಗ್ ಕಿಟ್ ಎಂದೂ, ಹಿಂದೆ ಮುಂದೆ ಎರಡನ್ನೂ ಎತ್ತುವ ಸಾಮಗ್ರಿಗೆ ಲಿಫ್ಟ್ ಕಿಟ್ ಎಂದೂ ಹೆಸರು.

ಕಿಟ್ ಹಾಕಿಸಬೇಕೆಂದು ಹೊರಟವರ ಮಾತು ಸಾಮಾನ್ಯವಾಗಿ "ಎಷ್ಟು ಇಂಚು" ಎಂಬಲ್ಲಿಂದ ಶುರುವಾಗುತ್ತದೆ. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದುದು, ವಾರದಲ್ಲಿ ಎಷ್ಟು ದಿನ, ಎಷ್ಟು ಭಾರ ಹಿಂದೆ ಕೂರುತ್ತದೆ ಎಂಬ ಪ್ರಶ್ನೆ. ಕಾರ್ಕಳದ ಕಡೆಯಿಂದ ಕಲ್ಲು ತರುವ ಗಾಡಿಗೂ, ವಾರಾಂತ್ಯದಲ್ಲಿ ಖಾಲಿಯಾಗಿ ಕುದುರೆಮುಖದತ್ತ ಹೋಗುವ ಗಾಡಿಗೂ ಒಂದೇ ಕಿಟ್ ಹೊಂದುವುದಿಲ್ಲ. ಈ ಒಂದು ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಸಿಕ್ಕಿದರೆ ಮುಂದಿನ ಆಯ್ಕೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ತಾವಾಗಿಯೇ ಉದುರಿಹೋಗುತ್ತವೆ.

ಮೊದಲು ಅಳತೆ

ಅಂಗಡಿಗೆ ಹೋಗುವ ಮೊದಲು ಒಂದು ಟೇಪು, ಒಂದು ಕಾಗದ ಸಾಕು. ಗಾಡಿಯನ್ನು ಕಾಂಕ್ರೀಟ್ ಹಾಕಿದ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ನಾಲ್ಕೂ ಟೈರುಗಳಿಗೆ ಸರಿಯಾದ ಗಾಳಿ ಹಾಕಿಸಿ, ಚಕ್ರದ ಹಬ್‌ನ ಮಧ್ಯಬಿಂದುವಿನಿಂದ ನೇರ ಮೇಲಕ್ಕೆ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಬೇಕು. ನೆಲದಿಂದ ಅಳೆದರೆ ಟೈರಿನ ಸವೆತ ಮತ್ತು ಗಾಳಿಯ ಒತ್ತಡ ಲೆಕ್ಕದಲ್ಲಿ ಬೆರೆತುಹೋಗುತ್ತವೆ. ಹಬ್‌ನಿಂದ ಅಳೆದರೆ ಸಸ್ಪೆನ್ಷನ್ ಒಂದರದ್ದೇ ಲೆಕ್ಕ ಸಿಗುತ್ತದೆ. ನಾಲ್ಕು ಮೂಲೆಗಳ ಅಳತೆಯನ್ನು ಖಾಲಿ ಗಾಡಿಯಲ್ಲಿ ಒಮ್ಮೆ, ನೀವು ಮಾಮೂಲಾಗಿ ಹೇರುವ ಲೋಡಿನೊಂದಿಗೆ ಇನ್ನೊಮ್ಮೆ ಬರೆದಿಟ್ಟುಕೊಳ್ಳಿ. ಅಡಿಕೆ ಮೂಟೆಯೋ, ಐಸು ತುಂಬಿದ ಮೀನಿನ ಪೆಟ್ಟಿಗೆಯೋ, ಗೊಬ್ಬರವೋ, ನಿಜವಾದ ಲೋಡನ್ನೇ ಹೇರಿ ಅಳೆಯಬೇಕು.

ಈ ಎರಡನೆಯ ಅಳತೆಯನ್ನು ಬಹಳ ಮಂದಿ ಮಾಡುವುದಿಲ್ಲ. ಆದರೆ ನಿರ್ಧಾರ ನಿಂತಿರುವುದೇ ಅದರ ಮೇಲೆ. ಲೋಡು ಹೇರಿದಾಗ ಹಿಂಭಾಗ ಐವತ್ತು ಅರವತ್ತು ಮಿಲಿಮೀಟರ್ ಇಳಿದು ಗಾಡಿ ಸಮನಾಗುತ್ತದೆ ಎಂದಾದರೆ, ಅದರ ಮುಂಭಾಗವನ್ನು ಮತ್ತೆ ಎತ್ತಿದಾಗ ಲೋಡಿನ ದಿನಗಳಲ್ಲೆಲ್ಲ ಮೂತಿ ಆಕಾಶ ನೋಡುತ್ತದೆ. ಆಗ ಮುಂದಿನ ಚಕ್ರಗಳ ಮೇಲಿನ ಹಿಡಿತ ಸಡಿಲವಾಗಿ ಸ್ಟೀರಿಂಗ್ ಹಗುರವೆನಿಸುತ್ತದೆ. ಒದ್ದೆ ರಸ್ತೆಯಲ್ಲಿ ಅದು ಅಪಾಯದ ಹಗುರ. ಎಡ ಬಲ ಅಳತೆಗಳ ನಡುವೆ ಹತ್ತು ಮಿಲಿಮೀಟರಿಗಿಂತ ಹೆಚ್ಚಿನ ಅಂತರ ಕಂಡರೆ ಕಿಟ್ಟಿನ ಮಾತು ಬದಿಗಿಟ್ಟು, ಮುರಿದ ಪ್ಲೇಟೋ ಕೀಲುಗಳಲ್ಲಿ ಸವೆದ ರಬ್ಬರ್ ಬುಷ್ಷೋ ಇದೆಯೇ ಎಂದು ಗ್ಯಾರೇಜಿನಲ್ಲಿ ನೋಡಿಸಬೇಕು.

ಮುಂಭಾಗಕ್ಕೆ ಇರುವ ದಾರಿಗಳು

ವಿ-ಕ್ರಾಸ್ ಮತ್ತು ಹೈಲಕ್ಸ್ ಎರಡರಲ್ಲೂ ಮುಂದೆ ಪ್ರತಿ ಚಕ್ರವನ್ನು ಮೇಲೊಂದು ಕೆಳಗೊಂದು ಆರ್ಮ್ ಹಿಡಿದಿರುವ ಡಬಲ್ ವಿಶ್‌ಬೋನ್ ವ್ಯವಸ್ಥೆಯಿದ್ದು, ಕಾಯಿಲ್ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಜೋಡಣೆಯಾಗಿ ಕುಳಿತಿರುತ್ತವೆ. ಇಲ್ಲಿ ಅತಿ ಅಗ್ಗದ ದಾರಿ ಎಂದರೆ ಸ್ಪೇಸರ್. ಅದರಲ್ಲಿ ಎರಡು ಬಗೆ ಇದ್ದು, ಎರಡನ್ನೂ ಒಂದೇ ಹೆಸರಿನಲ್ಲಿ ಮಾರುವುದರಿಂದ ಗೊಂದಲವಾಗುತ್ತದೆ.

ಮೊದಲನೆಯ ಬಗೆಯದ್ದು ಜೋಡಣೆಯ ತಲೆಗೂ ಚಾಸಿಗೂ ನಡುವೆ ಕೂರುವ ಬಿಲ್ಲೆ. ಶಾಕ್ ಜೋಡಣೆಯು ಕೆಳಗಿನ ಆರ್ಮಿನ ತುದಿಯಲ್ಲಿರದೆ ನಡುಭಾಗದಲ್ಲಿ ಕುಳಿತಿರುವ ಕಾರಣ, 25 ಮಿ.ಮೀ. ದಪ್ಪದ ಬಿಲ್ಲೆ ಇಟ್ಟರೆ ಚಕ್ರದ ಬಳಿ ಎತ್ತರ ಸುಮಾರು 40ರಿಂದ 50 ಮಿ.ಮೀ. ಹೆಚ್ಚುತ್ತದೆ, ದಪ್ಪ ಬಿಲ್ಲೆ ಕೇಳುವವರು ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಸ್ಪ್ರಿಂಗು ಹಳೆಯದೇ ಆದ್ದರಿಂದ ಕುಳಿತವರಿಗೆ ಸವಾರಿಯಲ್ಲಿ ಹೆಚ್ಚು ವ್ಯತ್ಯಾಸ ತಿಳಿಯುವುದಿಲ್ಲ. ತೊಂದರೆ ಬರುವುದು ಚಕ್ರ ಪೂರ್ತಿ ಕೆಳಕ್ಕೆ ಜೋತಾಗ. ತೋಟದ ದಾರಿಯಲ್ಲಿ ಒಂದು ಚಕ್ರ ತೋಡಿನೊಳಗೆ ಇಳಿದರೆ ಆರ್ಮುಗಳು ತಯಾರಕರು ಗೊತ್ತುಪಡಿಸಿದ ಮಿತಿಗಿಂತ ಕೆಳಗೆ ಹೋಗುತ್ತವೆ, ಆರ್ಮಿನ ತುದಿಯ ಗುಂಡು ಕೀಲಾದ ಬಾಲ್ ಜಾಯಿಂಟ್ ತನ್ನ ಅಂಚಿಗೆ ಒತ್ತುತ್ತದೆ, ಫೋರ್ ವೀಲ್ ಡ್ರೈವ್ ಗಾಡಿಯಾದರೆ ಚಕ್ರವನ್ನು ತಿರುಗಿಸುವ ಡ್ರೈವ್ ಶಾಫ್ಟಿನ ಕೀಲು, ಅಂದರೆ ಸಿ.ವಿ. ಜಾಯಿಂಟ್, ಕಡಿದಾದ ಕೋನದಲ್ಲಿ ತಿರುಗಬೇಕಾಗುತ್ತದೆ. ಆ ಜಾಯಿಂಟಿನ ರಬ್ಬರ್ ಬೂಟು ಹರಿದು ಗ್ರೀಸು ಚಕ್ರದ ಒಳಬದಿಗೆ ಚಿಮ್ಮಿರುವುದು ಇದರ ಮೊದಲ ಗುರುತು. ಆ ಹರಕಿನಿಂದ ಮಳೆನೀರು, ಕೆಂಪು ಮಣ್ಣು ಒಳಹೊಕ್ಕರೆ ಜಾಯಿಂಟ್ ಬಹಳ ದಿನ ಬಾಳುವುದಿಲ್ಲ.

ಎರಡನೆಯ ಬಗೆಯ ಸ್ಪೇಸರ್ ಸ್ಪ್ರಿಂಗಿನ ಮೇಲೆ, ಜೋಡಣೆಯ ಒಳಗೇ ಕೂರುತ್ತದೆ. ಇದು ಜೋಡಣೆಯ ಒಟ್ಟು ಉದ್ದವನ್ನು ಬದಲಿಸದ ಕಾರಣ ಚಕ್ರ ಮಿತಿ ಮೀರಿ ಜೋಲುವುದಿಲ್ಲ. ಅದರ ಬದಲು ಸ್ಪ್ರಿಂಗನ್ನು ಮೊದಲೇ ಒತ್ತಿ ಇಟ್ಟಂತಾಗಿ ಮುಂಭಾಗ ಬಿಗಿಯಾಗುತ್ತದೆ, ಚಕ್ರ ಕೆಳಗಿಳಿಯಲು ಇರುವ ಅವಕಾಶ ಕಡಿಮೆಯಾಗುತ್ತದೆ. ರಸ್ತೆ ಉಬ್ಬು ದಾಟಿ ಮೂತಿ ಮೇಲೆದ್ದ ಕ್ಷಣದಲ್ಲಿ ಶಾಕ್ ತನ್ನ ತುದಿಗೆ ಬಡಿದು 'ಟಕ್' ಎನ್ನುವುದು ಈ ಬಗೆಯಲ್ಲಿ ಸಾಮಾನ್ಯ. ಜೋಡಿಸುವಾಗ ಸ್ಪ್ರಿಂಗನ್ನು ಕಂಪ್ರೆಸರಿನಲ್ಲಿ ಒತ್ತಿಹಿಡಿಯಬೇಕಾಗುವುದರಿಂದ ಇದು ಮನೆಯ ಅಂಗಳದಲ್ಲಿ ಮಾಡುವ ಕೆಲಸವಲ್ಲವೇ ಅಲ್ಲ. ಒತ್ತಿದ ಸ್ಪ್ರಿಂಗು ಜಾರಿದರೆ ಮನುಷ್ಯನ ಪ್ರಾಣಕ್ಕೇ ಅಪಾಯ.

ಈ ಎರಡರ ಪಕ್ಕದಲ್ಲಿ ಇಡಬೇಕಾದ ಮೂರನೆಯ ಆಯ್ಕೆ, ಸ್ಪ್ರಿಂಗ್ ಮತ್ತು ಶಾಕ್‌ಗಳನ್ನು ಒಂದಕ್ಕೊಂದು ಹೊಂದಿಸಿ ತಯಾರಿಸಿದ ಪೂರ್ಣ ಸೆಟ್. ಎ.ಆರ್.ಬಿ. ಸಂಸ್ಥೆಯ ಓಲ್ಡ್ ಮ್ಯಾನ್ ಇಮು, ಐರನ್‌ಮ್ಯಾನ್ ಫೋರ್ ಬೈ ಫೋರ್ ಮುಂತಾದ ಆಸ್ಟ್ರೇಲಿಯಾ ಮೂಲದ ಸೆಟ್‌ಗಳು ನಮ್ಮಲ್ಲೂ ಸಿಗುತ್ತವೆ, ಮತ್ತು ಇವು ಸಾಮಾನ್ಯವಾಗಿ 40ರಿಂದ 50 ಮಿ.ಮೀ. ಎತ್ತರ ಕೊಡುವಂತೆ ರೂಪಿಸಿದವು. ಇಲ್ಲಿ ಶಾಕಿನ ಉದ್ದ ಹೊಸ ಎತ್ತರಕ್ಕೆ ತಕ್ಕಂತಿರುತ್ತದೆ, ಒಳಗಿನ ಎಣ್ಣೆಯ ಪ್ರತಿರೋಧ ಹೊಸ ಸ್ಪ್ರಿಂಗಿನ ಬಿಗಿಗೆ ಹೊಂದಿರುತ್ತದೆ. ಬೆಲೆ ಸ್ಪೇಸರಿಗಿಂತ ಹಲವು ಪಟ್ಟು ಹೆಚ್ಚು ಎಂಬುದು ನಿಜ. ಆದರೆ ಮೂಲ ಶಾಕ್‌ಗಳು ಸವೆದು ಹೇಗೂ ಬದಲಿಸುವ ಹೊತ್ತು ಬಂದಿದ್ದರೆ, ಆ ಖರ್ಚನ್ನು ಕಳೆದು ನೋಡಿದಾಗ ಅಂತರ ಅಷ್ಟು ದೊಡ್ಡದಾಗಿ ಉಳಿಯುವುದಿಲ್ಲ. ಎತ್ತರಿಸುವುದೇ ಖಚಿತವಾಗಿದ್ದರೆ ನಾನು ಸೂಚಿಸುವುದು ಇದನ್ನೇ.

ಇಂಥ ಸೆಟ್ ಕೊಳ್ಳುವಾಗ ಮುಂದಿನ ಸ್ಪ್ರಿಂಗಿನ ಬಿಗಿಯನ್ನು ಆರಿಸಲು ಹೇಳುತ್ತಾರೆ: ಬಂಪರಿನ ಮುಂದೆ ಕಬ್ಬಿಣದ ಬುಲ್ ಬಾರ್ ಮತ್ತು ಹಗ್ಗ ಸುತ್ತಿ ಎಳೆಯುವ ವಿಂಚ್ ಇರುವ ಗಾಡಿಗೆ ಒಂದು, ಇಲ್ಲದ ಗಾಡಿಗೆ ಇನ್ನೊಂದು. ಬುಲ್ ಬಾರ್ ಮತ್ತು ಕ್ರ್ಯಾಶ್ ಗಾರ್ಡ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ಸೂಚಿಸಿರುವುದರಿಂದ, ನಮ್ಮಲ್ಲಿ ಬಾರ್ ಇಲ್ಲದ ಗಾಡಿಯ ಸ್ಪ್ರಿಂಗನ್ನೇ ತೆಗೆದುಕೊಳ್ಳಬೇಕು. ಬಿಗಿ ಸ್ಪ್ರಿಂಗು ಹಗುರ ಮೂತಿಯ ಮೇಲೆ ಕುಳಿತರೆ ಎತ್ತರವೇನೋ ಹೇಳಿದ್ದಕ್ಕಿಂತ ಹೆಚ್ಚೇ ಸಿಗುತ್ತದೆ, ಸವಾರಿ ಮಾತ್ರ ಕುಟ್ಟುತ್ತದೆ.

ಥ್ರೆಡ್ ತಿರುಗಿಸಿ ಎತ್ತರ ಹೊಂದಿಸುವ ಕಾಯಿಲೋವರ್‌ಗಳನ್ನು ಕರಾವಳಿಯಲ್ಲಿ ನಾನು ಸೂಚಿಸಲಾರೆ. ಉಪ್ಪುಗಾಳಿಗೆ ಆ ಥ್ರೆಡ್ ಹಿಡಿದುಕೊಂಡ ಮೇಲೆ ಹೊಂದಿಸುವ ಸೌಲಭ್ಯವೇ ಉಳಿಯುವುದಿಲ್ಲ. ಹಳೆಯ ಕೆಲವು ಗಾಡಿಗಳಲ್ಲಿರುವ, ತಿರುಚಿಕೊಳ್ಳುವ ಸರಳೇ ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಷನ್ ಬಾರ್ ವ್ಯವಸ್ಥೆಯಲ್ಲಿ ಬೋಲ್ಟ್ ತಿರುಗಿಸಿದರೆ ಖರ್ಚಿಲ್ಲದೆ ಎತ್ತರ ಬರುತ್ತದೆ, ಆದರೆ ಫಲಿತಾಂಶ ಸ್ಪ್ರಿಂಗಿನ ಮೇಲಿಡುವ ಸ್ಪೇಸರಿನಂತೆಯೇ ಬಿಗಿ. ಮುಂದೆಯೂ ಲೀಫ್ ಸ್ಪ್ರಿಂಗ್ ಇರುವ ಗಾಡಿಗಳಲ್ಲಿ ಆಕ್ಸಲಿಗೂ ಸ್ಪ್ರಿಂಗಿಗೂ ನಡುವೆ ಬ್ಲಾಕ್ ಇಡಲೇಬಾರದು. ಸ್ಟೀರಿಂಗ್ ಮತ್ತು ಬ್ರೇಕಿನ ಒತ್ತಡ ಬೀಳುವ ಕಡೆ ಆ ಬ್ಲಾಕ್ ಜರುಗಿದರೆ ಗಾಡಿ ಕೈತಪ್ಪುತ್ತದೆ.

ಯಾವ ದಾರಿಯಲ್ಲಿ ಎತ್ತಿದರೂ ಚಕ್ರದ ಕೋನಗಳು ಬದಲಾಗುತ್ತವೆ. ಇವುಗಳಲ್ಲಿ ಕ್ಯಾಸ್ಟರ್ ಎಂಬ ಕೋನ ಕಡಿಮೆಯಾದರೆ, ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದು ನಿಧಾನವಾಗುತ್ತದೆ, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ವೇಗವಾಗಿ ಹೋಗುವಾಗ ಗಾಡಿ ಅತ್ತಿತ್ತ ಎಳೆದಂತಾಗುತ್ತದೆ. ಸುಮಾರು 50 ಮಿ.ಮೀ.ವರೆಗಿನ ಎತ್ತರವನ್ನು ಬಹುತೇಕ ಗಾಡಿಗಳಲ್ಲಿ ಮೂಲ ಹೊಂದಾಣಿಕೆಯ ಬೋಲ್ಟುಗಳಿಂದಲೇ ಸರಿಪಡಿಸಬಹುದು. ಅದಕ್ಕಿಂತ ಹೆಚ್ಚಾದರೆ ಮೇಲಿನ ಕಂಟ್ರೋಲ್ ಆರ್ಮುಗಳನ್ನೇ ಬದಲಿಸಬೇಕಾಗುತ್ತದೆ. ನಾನು 50 ಮಿ.ಮೀ.ಗೆ ಗೆರೆ ಎಳೆಯಲು ಇದೇ ಮುಖ್ಯ ಕಾರಣ.

ಹಿಂಭಾಗಕ್ಕೆ ಇರುವ ದಾರಿಗಳು

ಹಿಂದೆ ಲೀಫ್ ಸ್ಪ್ರಿಂಗ್ ಇರುವುದರಿಂದ ಇಲ್ಲಿ ಆಯ್ಕೆಗಳು ಹೆಚ್ಚು, ಕೆಲಸ ಬಲ್ಲವರೂ ಹೆಚ್ಚು. ಬ್ಲಾಕ್ ಎಂದರೆ ಆಕ್ಸಲಿಗೂ ಪ್ಲೇಟುಗಳಿಗೂ ನಡುವೆ ಕೂರುವ ಲೋಹದ ತುಂಡು. ಖಾಲಿ ಓಡಾಡುವ ಗಾಡಿಗೆ ಒಂದಿಂಚಿನ ಬ್ಲಾಕ್ ಸಾಕಷ್ಟು ಸುರಕ್ಷಿತ, ಆದರೆ ಅದರೊಂದಿಗೆ ಪ್ಲೇಟುಗಳನ್ನು ಆಕ್ಸಲಿಗೆ ಬಿಗಿದು ಹಿಡಿಯುವ ಯು-ಬೋಲ್ಟುಗಳನ್ನೂ ಉದ್ದದ ಹೊಸವನ್ನೇ ಹಾಕಬೇಕು, ಒಂದರ ಮೇಲೊಂದು ಬ್ಲಾಕ್ ಪೇರಿಸಬಾರದು. ಬ್ಲಾಕ್ ಎತ್ತರವಾದಷ್ಟೂ ಏರಿನಲ್ಲಿ ಕ್ಲಚ್ ಬಿಟ್ಟಾಗ ಆಕ್ಸಲ್ ತಿರುಚಿಕೊಂಡು ಪ್ಲೇಟುಗಳನ್ನು ಎಸ್ ಆಕಾರಕ್ಕೆ ಎಳೆಯುತ್ತದೆ. ಲೀಫ್ ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿಗೆ ಶಾಕಲ್ ಎಂದು ಹೆಸರು; ಉದ್ದದ ಶಾಕಲ್ ಹಾಕುವುದು ಇನ್ನೊಂದು ದಾರಿ. ಶಾಕಲನ್ನು 50 ಮಿ.ಮೀ. ಉದ್ದ ಮಾಡಿದರೆ ಸಿಗುವ ಎತ್ತರ ಅದರ ಅರ್ಧ, ಅಂದರೆ ಸುಮಾರು 25 ಮಿ.ಮೀ. ಮಾತ್ರ. ತಿರುವಿನಲ್ಲಿ ಹಿಂಭಾಗ ಪಕ್ಕಕ್ಕೆ ಓಲಾಡುವುದು ಹೆಚ್ಚುವ ಕಾರಣ ಇದು ನನಗೆ ಒಪ್ಪಿಗೆಯಾಗುವುದಿಲ್ಲ.

ದುಡಿಯುವ ಗಾಡಿಗಳ ಮಾಲೀಕರು ಸಾಮಾನ್ಯವಾಗಿ ಕೇಳುವುದು ಹೆಚ್ಚುವರಿ ಪ್ಲೇಟು ಸೇರಿಸುವುದನ್ನು. ಇದರಿಂದ ಎತ್ತರ ಸ್ವಲ್ಪ ಏರಿ ಭಾರಕ್ಕೆ ಕುಗ್ಗುವುದು ಕಡಿಮೆಯಾಗುತ್ತದೆ, ಖರ್ಚೂ ಮಿತ. ಆದರೆ ಖಾಲಿ ಹೋಗುವಾಗ ಹಿಂಭಾಗ ನೆಗೆಯುತ್ತದೆ. ಹಳೆಯ ಪ್ಲೇಟುಗಳು ಈಗಾಗಲೇ ಜೋತಿದ್ದರೆ ಹೊಸ ಪ್ಲೇಟೊಂದೇ ಎಲ್ಲ ಭಾರವನ್ನೂ ಹೊತ್ತು ಬೇಗ ಮುರಿಯುತ್ತದೆ. ಹಳೆಯ ಪ್ಲೇಟಿಗೆ ಮತ್ತೆ ಬೆಂಡ್ ಕೊಡಿಸುವ ಪದ್ಧತಿಯೂ ನಮ್ಮಲ್ಲಿದೆ. ದಣಿದ ಉಕ್ಕು ಆ ಬೆಂಡನ್ನು ಹೆಚ್ಚು ಕಾಲ ಉಳಿಸಿಕೊಳ್ಳುವುದಿಲ್ಲ ಎಂಬುದನ್ನು ತಿಳಿದೇ ಆ ಕೆಲಸಕ್ಕೆ ಇಳಿಯಬೇಕು. ಪೂರ್ತಿ ಹೊಸ ಲೀಫ್ ಸೆಟ್ ಬೆಲೆಬಾಳುವುದಾದರೂ ಪಕ್ಕಾ ಪರಿಹಾರ. ಅದನ್ನು ಆರಿಸುವಾಗ ಯಾವತ್ತೂ ಇರುವ ಭಾರ ಎಷ್ಟೆಂದು ಕೇಳುತ್ತಾರೆ. ವರ್ಷಕ್ಕೊಮ್ಮೆ ಮನೆ ಸಾಮಾನು ಸಾಗಿಸಿದ್ದನ್ನು ನೆನೆದು ದೊಡ್ಡ ಅಂಕಿ ಹೇಳದೆ, ಮಾಮೂಲು ದಿನದ ಭಾರವನ್ನೇ ಹೇಳಬೇಕು.

ದಿನ ಬಿಟ್ಟು ದಿನ ಭಾರ ಬದಲಾಗುವವರಿಗೆ ಲೀಫ್ ಸ್ಪ್ರಿಂಗಿಗೆ ಸಹಾಯಕವಾಗಿ ಕೂರುವ ಗಾಳಿಚೀಲಗಳು ಉಪಯುಕ್ತ. ಲೋಡು ಹೇರಿದಾಗ ಗಾಳಿ ತುಂಬಿಸಿ, ಖಾಲಿಯಾದಾಗ ತಗ್ಗಿಸಬಹುದು. ಮೀನಿನ ಗಾಡಿಗೆ ಮಾತ್ರ ಇವನ್ನು ಹಾಕಿಸಬೇಡಿ. ಐಸು ಕರಗಿದ ಉಪ್ಪುನೀರು ದಿನವೂ ಸೋರಿ ಬೀಳುವ ಜಾಗದಲ್ಲಿ ಅವುಗಳ ಬ್ರಾಕೆಟ್ಟುಗಳು ತುಕ್ಕು ಹಿಡಿದು ಹೋಗುತ್ತವೆ.

ಪ್ಲೇಟು, ಬ್ಲಾಕು ಯಾವುದೇ ಇರಲಿ, ಹಿಂಭಾಗ ಎತ್ತುವವರು ಕೇಳಲೇಬೇಕಾದ ಒಂದು ಮಾತಿದೆ. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲಿನಿಂದ ಚಾಸಿಗೆ ಒಂದು ಸಣ್ಣ ಸರಳು ಹೋಗಿ ಬ್ರೇಕ್ ವಾಲ್ವ್ ಒಂದಕ್ಕೆ ಸೇರಿರುತ್ತದೆ. ಭಾರ ಬಿದ್ದು ಚಾಸಿ ತಗ್ಗಿದಾಗ ಹಿಂದಿನ ಬ್ರೇಕಿಗೆ ಒತ್ತಡ ಹೆಚ್ಚಿಸುವುದು, ಚಾಸಿ ಏರಿದಾಗ ಕಡಿಮೆ ಮಾಡುವುದು ಆ ವಾಲ್ವಿನ ಕೆಲಸ. ಎತ್ತರಿಸಿದ ಮೇಲೆ ಸರಳನ್ನು ಹೊಂದಿಸದಿದ್ದರೆ ವಾಲ್ವಿಗೆ ಗಾಡಿ ಸದಾ ಖಾಲಿಯಾಗಿಯೇ ಕಾಣುತ್ತದೆ; ಒಂದು ಟನ್ ಹೇರಿ ಚಾರ್ಮಾಡಿ ಘಾಟಿ ಇಳಿಯುವಾಗಲೂ ಹಿಂದಿನ ಬ್ರೇಕು ಅರೆಮನಸ್ಸಿನಲ್ಲಿ ಹಿಡಿಯುತ್ತದೆ, ಮುಂದಿನ ಬ್ರೇಕು ಬಿಸಿಯೇರುತ್ತದೆ. ಗಾಡಿಯ ಕೆಳಗೆ ಬಗ್ಗಿ ಆ ಸರಳು ಇದೆಯೇ ಎಂದು ನೋಡಿ, ಇದ್ದರೆ ಅದನ್ನು ಹೇಗೆ ಹೊಂದಿಸುತ್ತೀರಿ ಎಂದು ಮೆಕ್ಯಾನಿಕರನ್ನು ಕೇಳಿ. ಆ ಪ್ರಶ್ನೆಗೆ ಉತ್ತರ ತಿಳಿಯದ ಗ್ಯಾರೇಜಿಗೆ ಈ ಕೆಲಸ ಒಪ್ಪಿಸಬಾರದು. ಹಾಗೆಯೇ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಆಕ್ಸಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಎರಡು ತುಂಡಿನದಾಗಿರುವ ಗಾಡಿಯಲ್ಲಿ ಹಿಂಭಾಗ ಎತ್ತಿದ ಮೇಲೆ ನಿಂತಲ್ಲಿಂದ ಹೊರಡುವಾಗ ನಡುಕ ಕಾಣಿಸಿದರೆ, ನಡುವಿನ ಬೇರಿಂಗಿನ ಕೋನ ಸರಿಪಡಿಸಬೇಕಾಗುತ್ತದೆ.

ಕ್ಯಾಬಿನ್ ಮತ್ತು ಲೋಡ್ ಬಾಡಿಯನ್ನು ಚಾಸಿಯಿಂದ ಮೇಲೆತ್ತುವ ಬಾಡಿ ಲಿಫ್ಟ್, ಆರಿಂಚಿನ ಬ್ರಾಕೆಟ್ ಕಿಟ್ ಇವೆರಡನ್ನೂ ಇಲ್ಲಿ ಹೋಲಿಕೆಗೇ ತೆಗೆದುಕೊಂಡಿಲ್ಲ. ಮೊದಲನೆಯದು ಗಾಡಿಯ ಅಡಿಭಾಗವನ್ನು ಒಂದು ಮಿಲಿಮೀಟರ್ ಕೂಡ ಎತ್ತುವುದಿಲ್ಲ, ಎರಡನೆಯದಕ್ಕೆ ಚಾಸಿಯನ್ನು ಕೊಯ್ದು ಬೆಸೆಯಬೇಕಾಗಬಹುದು.

ಎತ್ತರ ಏನನ್ನು ಕೊಡುವುದಿಲ್ಲ

ಕಿಟ್ ಹಾಕಿಸಿದ ಮೇಲೆ ಗ್ರೌಂಡ್ ಕ್ಲಿಯರೆನ್ಸ್ ಪೂರ್ತಿ ಹೆಚ್ಚಾಯಿತು ಎಂಬ ನಂಬಿಕೆ ವ್ಯಾಪಕವಾಗಿದೆ. ಹಿಂದಿನ ಆಕ್ಸಲ್ ಇಡಿಯಾಗಿ ಚಕ್ರಗಳಿಗೇ ಜೋಡಿಸಿರುವುದರಿಂದ ಅದರ ನಡುವಿನ ಡಿಫರೆನ್ಷಿಯಲ್ ಗುಂಡು ಎಷ್ಟು ಎತ್ತರದಲ್ಲಿತ್ತೋ ಅಷ್ಟರಲ್ಲೇ ಇರುತ್ತದೆ. ಕಚ್ಚಾ ದಾರಿಯ ನಡುವಿನ ದಿಬ್ಬಕ್ಕೋ ಮುರಕಲ್ಲಿನ ಮೂಲೆಗೋ ತಾಗುವುದು ಹೆಚ್ಚಾಗಿ ಅದೇ. ಅದನ್ನು ಎತ್ತುವ ಏಕೈಕ ದಾರಿ ದೊಡ್ಡ ಟೈರು, ಅದೂ ವ್ಯಾಸದ ಹೆಚ್ಚಳದ ಅರ್ಧದಷ್ಟು ಮಾತ್ರ. ಉದಾಹರಣೆಗೆ 255/60 ಆರ್18 ಟೈರಿನ ವ್ಯಾಸ ಸುಮಾರು 763 ಮಿ.ಮೀ., 255/65 ಆರ್18ರದ್ದು ಸುಮಾರು 789 ಮಿ.ಮೀ. ಬದಲಿಸಿದರೆ ಆಕ್ಸಲ್ ಏರುವುದು 13 ಮಿ.ಮೀ. ಅಷ್ಟೇ, ಜೊತೆಗೆ ಸ್ಪೀಡೋಮೀಟರ್ ಓದು ಶೇಕಡಾ 3ರಷ್ಟು ಕಡಿಮೆಯತ್ತ ಸರಿಯುತ್ತದೆ. ಲಿಫ್ಟ್ ಕಿಟ್ ನಿಜವಾಗಿ ಕೊಡುವುದು ಮುಂದಿನ ಬಂಪರ್ ತಾಗದೆ ಏರು ಹತ್ತುವ ಕೋನವನ್ನು, ಮತ್ತು ಗಾಡಿಯ ನಡುಹೊಟ್ಟೆ ದಿಬ್ಬಕ್ಕೆ ತಾಗದಿರುವ ಅವಕಾಶವನ್ನು. ಗುಡ್ಡದ ಮನೆಯ ಕಡಿದಾದ ದಾರಿಗೆ ಮೂತಿ ಒರೆಸುತ್ತಿದ್ದರೆ ಇದು ನಿಜವಾದ ಲಾಭ.

ನೀರಿನ ವಿಷಯವೂ ಹೀಗೆಯೇ. ವರ್ಷಕ್ಕೆ ಸರಿಸುಮಾರು 4,000 ಮಿ.ಮೀ. ಮಳೆ ಸುರಿಯುವ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ, ಮಂಗಳೂರಿನ ಕೊಟ್ಟಾರ ಚೌಕಿಯಂಥ ಕಡೆ ಕೃತಕ ನೆರೆ ನಿಂತಾಗ ಎತ್ತರದ ಗಾಡಿ ಧೈರ್ಯ ಕೊಡುತ್ತದೆ. ಆದರೆ ಎಂಜಿನ್ ಗಾಳಿ ಎಳೆಯುವ ಬಾಯಿ ಏರುವುದು ಕಿಟ್ಟಿನ ಎತ್ತರದಷ್ಟು ಮಾತ್ರ, ಆಕ್ಸಲಿನ ಉಸಿರುಗಂಡಿಯಾದ ಬ್ರೀದರ್ ಅಷ್ಟೂ ಏರುವುದಿಲ್ಲ. ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಬ್ರೀದರಿನ ಮೂಲಕ ನೀರು ಒಳಗೆಳೆದುಕೊಂಡು ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಬ್ರೀದರಿಗೆ ಉದ್ದದ ಪೈಪು ಹಾಕಿಸುವುದು ಸಣ್ಣ ಖರ್ಚಿನ ಕೆಲಸ, ಕಿಟ್ ಹಾಕಿಸುವ ದಿನವೇ ಮಾಡಿಸಬಹುದು.

ಎತ್ತರ ಕಿತ್ತುಕೊಳ್ಳುವುದೂ ಇದೆ. ಗಾಡಿಯ ಭಾರಕೇಂದ್ರ ಮೇಲೇರಿದಷ್ಟೂ ತಿರುವಿನಲ್ಲಿ ವಾಲುವುದು ಹೆಚ್ಚು. ಹೆಬ್ರಿಯಿಂದ ಆಗುಂಬೆಗೆ ಏರುವ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ವೇಗ ಕಡಿಮೆಯಾದ್ದರಿಂದ ಇದು ಅಷ್ಟಾಗಿ ಕಾಡುವುದಿಲ್ಲ. ಕಾಡುವುದು ಹೆದ್ದಾರಿಯಲ್ಲಿ, ದಿಢೀರನೆ ಅಡ್ಡ ಬಂದ ದ್ವಿಚಕ್ರ ವಾಹನವನ್ನು ತಪ್ಪಿಸಲು ಸ್ಟೀರಿಂಗ್ ಎಳೆದ ಹೊತ್ತಿನಲ್ಲಿ. 40 ಮಿ.ಮೀ. ಎತ್ತಿ, ಅದಕ್ಕೆ ಹೊಂದುವ ಶಾಕ್ ಹಾಕಿದ ಗಾಡಿ ಆ ಹೊತ್ತಿನಲ್ಲಿ ನಿಯಂತ್ರಣದಲ್ಲಿ ಉಳಿಯುತ್ತದೆ, 75 ಮಿ.ಮೀ. ಸ್ಪೇಸರ್ ಮತ್ತು ಸವೆದ ಶಾಕ್ ಇರುವ ಗಾಡಿಯ ಬಗ್ಗೆ ಅದೇ ಮಾತು ಹೇಳಲಾಗುವುದಿಲ್ಲ.

ಯಾರಿಗೆ ಯಾವುದು

ವಾರದ ಬಹುಪಾಲು ದಿನ ಲೋಡು ಹೊರುವ ಬೊಲೆರೊ ಪಿಕಪ್, ಟಾಟಾ ಯೋಧ, ಇಸುಜು ಎಸ್-ಕ್ಯಾಬ್ ಮುಂತಾದ ಗಾಡಿಗಳಿಗೆ ಲೆವೆಲಿಂಗ್ ಕಿಟ್ ಬೇಡವೇ ಬೇಡ. ಹಿಂಭಾಗ ಜೋತಿದ್ದರೆ ಕಂಪನಿ ಅಳತೆಯ ಹೊಸ ಲೀಫ್ ಸೆಟ್ಟು ಮತ್ತು ಹೊಸ ಶಾಕ್ ಹಾಕಿಸಿ. ಕಳೆದುಹೋದ ಎತ್ತರ ಅಷ್ಟರಲ್ಲೇ ಮರಳುತ್ತದೆ. ಹೆಚ್ಚುವರಿ ಪ್ಲೇಟು ಸೇರಿಸಿದರೂ ಆರ್‌ಸಿಯಲ್ಲಿ ಬರೆದ ಒಟ್ಟು ತೂಕದ ಮಿತಿ ಏರುವುದಿಲ್ಲ ಎಂಬುದನ್ನು ಮರೆಯಬಾರದು. ಸ್ಪ್ರಿಂಗು ತಡೆದರೂ ಬ್ರೇಕು, ಟೈರು, ಆಕ್ಸಲುಗಳು ಹಳೆಯವೇ.

ತೋಟವಿರುವ ಮನೆಯವರು, ಅಂದರೆ ಕೆಲವು ದಿನ ಗೊಬ್ಬರ, ಅಡಿಕೆ ಹೇರಿ ಉಳಿದ ದಿನ ಖಾಲಿ ಓಡಾಡುವವರು, ಮುಂದೆ 40 ಮಿ.ಮೀ. ಸ್ಪ್ರಿಂಗ್-ಶಾಕ್ ಸೆಟ್ಟು, ಹಿಂದೆ ಮಧ್ಯಮ ಭಾರದ ಲೀಫ್ ಸೆಟ್ಟು ಹಾಕಿಸುವುದು ಒಳ್ಳೆಯದು. ಖಾಲಿ ನಿಂತಾಗ ಹಿಂಭಾಗ 20, 25 ಮಿ.ಮೀ. ಏರಿರುವಂತೆ ಉಳಿಸಿಕೊಳ್ಳಬೇಕು. ನೋಡಲು ಪೂರ್ತಿ ಸಮನಾಗಿ ಕಾಣದಿದ್ದರೂ ಲೋಡಿನ ದಿನ ಅದರ ಬೆಲೆ ತಿಳಿಯುತ್ತದೆ.

ಹಿಂದೆ ಭಾರವನ್ನೇ ಹಾಕದ, ಪ್ರವಾಸಕ್ಕೆಂದೇ ಇರುವ ವಿ-ಕ್ರಾಸ್ ಅಥವಾ ಹೈಲಕ್ಸಿಗೆ ಮಾತ್ರ ಲೆವೆಲಿಂಗ್ ಸ್ಪೇಸರ್ ಸಮರ್ಥನೀಯ. ಅದೂ ಚಕ್ರದ ಬಳಿ 30 ಮಿ.ಮೀ. ಮೀರದಂತೆ. ಸ್ಪೇಸರ್ ಅಲ್ಯೂಮಿನಿಯಂನದ್ದೋ ಪಾಲಿಯುರಿಥೇನ್‌ನದ್ದೋ ಎಂದು ಕೇಳಿ. ಉಪ್ಪಿನ ತೇವದಲ್ಲಿ ಅಲ್ಯೂಮಿನಿಯಂ ಮತ್ತು ಉಕ್ಕು ಒಂದಕ್ಕೊಂದು ತಾಗಿದ್ದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ, ಬೋಲ್ಟು ಕಚ್ಚಿಕೊಳ್ಳುತ್ತದೆ. ಸಮುದ್ರಕ್ಕೆ ಹತ್ತಿರದ ಉಳ್ಳಾಲ, ಪಣಂಬೂರು, ಕಾಪು, ಮಲ್ಪೆ ಕಡೆಯವರು ಇದನ್ನು ಸಣ್ಣ ವಿಷಯವೆಂದು ಬಿಡಬಾರದು.

ಕಾನೂನು ಮತ್ತು ವಿಮೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟ್ಟುನಿಟ್ಟಾಗಿಯೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಮು, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ಆರ್‌ಸಿಯಲ್ಲಿ ಸಸ್ಪೆನ್ಷನ್ ಎತ್ತರಕ್ಕೆ ಅಂಕಣವೇ ಇಲ್ಲವಲ್ಲ ಎಂದು ಅಂಗಡಿಯವರು ಸಮಾಧಾನ ಹೇಳಬಹುದು. ಆ ಮಾತನ್ನು ಅನುಮತಿಯೆಂದು ಎಣಿಸಬೇಡಿ. ಹಾಕಿಸುವ ಮುನ್ನವೇ ಕಿಟ್ಟಿನ ವಿವರ ಸಹಿತ ನಿಮ್ಮ ಆರ್‌ಟಿಒ ಕಚೇರಿಗೆ, ಅದು ಮಂಗಳೂರಿನದಾಗಲಿ ಉಡುಪಿಯದಾಗಲಿ, ಬರೆದು ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ. ಬಾಡಿಗೆಗೆ ಓಡುವ ಗಾಡಿಯಾದರೆ ಎಫ್‌ಸಿ, ಅಂದರೆ ಅರ್ಹತಾ ಪತ್ರದ ನವೀಕರಣದ ಹೊತ್ತಿಗೆ ಈ ಪ್ರಶ್ನೆ ಹೇಗೂ ಎದುರಾಗುತ್ತದೆ. ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಬೇಕು. ಹೇಳದೆ ಮಾಡಿದ ಬದಲಾವಣೆ ಅಪಘಾತದ ಪರಿಹಾರ ಕೇಳುವಾಗ ಅಡ್ಡ ಬರುತ್ತದೆ. ವಾರಂಟಿ ಇರುವ ಹೊಸ ಗಾಡಿಯಲ್ಲಿ ಸಸ್ಪೆನ್ಷನ್ ಮತ್ತು ಡ್ರೈವ್ ಶಾಫ್ಟಿನ ಕ್ಲೇಮುಗಳನ್ನು ಡೀಲರ್ ತಳ್ಳಿಹಾಕಬಹುದು. ಮಾಲೀಕರು ವಾರಂಟಿ ಮುಗಿಯುವವರೆಗೆ ಕಾಯುವುದೇ ಮೇಲು ಎಂದು ನನಗನಿಸುತ್ತದೆ.

ಜೋಡಿಸುವ ದಿನ ಮತ್ತು ಆಮೇಲೆ

ಜೋಡಣೆಯ ಮುನ್ನಾ ಸಂಜೆ ಗಾಡಿಯನ್ನು ಒಂದು ಗೋಡೆಗೆ ಎದುರಾಗಿ ನಿಲ್ಲಿಸಿ, ಡಿಪ್ ಬೆಳಕಿನ ಮೇಲಂಚಿಗೆ ಗೋಡೆಯ ಮೇಲೆ ಟೇಪು ಅಂಟಿಸಿ, ಗಾಡಿ ನಿಂತ ಜಾಗವನ್ನು ಸುಣ್ಣದಿಂದ ಗುರುತು ಮಾಡಿಡಿ. ಹೈಲಕ್ಸಿನ ಚಕ್ರಾಂತರ 3,085 ಮಿ.ಮೀ. ಅದರ ಮುಂಭಾಗವನ್ನಷ್ಟೇ 50 ಮಿ.ಮೀ. ಎತ್ತಿದರೆ 25 ಮೀಟರ್ ದೂರದಲ್ಲಿ ಬೆಳಕಿನ ಗೆರೆ ಸುಮಾರು 40 ಸೆಂಟಿಮೀಟರ್ ಮೇಲೇರುತ್ತದೆ, ಅಂದರೆ ಎದುರಿನಿಂದ ಬರುವ ಬೈಕ್ ಸವಾರರ ಕಣ್ಣಿಗೆ ನೇರವಾಗಿ. ಕೆಲಸ ಮುಗಿದ ಸಂಜೆ ಅದೇ ಗುರುತಿನಲ್ಲಿ ನಿಲ್ಲಿಸಿ ಹೆಡ್‌ಲೈಟನ್ನು ಕೆಳಗಿಳಿಸಿಕೊಳ್ಳಬೇಕು.

ಗ್ಯಾರೇಜಿನಲ್ಲಿ ನೀವು ನಿಂತು ನೋಡಬೇಕಾದ ಗಳಿಗೆ ಒಂದಿದೆ. ಆರ್ಮುಗಳ ಮತ್ತು ಶಾಕಲ್‌ಗಳ ರಬ್ಬರ್ ಬುಷ್ ಬೋಲ್ಟುಗಳನ್ನು ಗಾಡಿ ಜಾಕಿನ ಮೇಲೆ ಚಕ್ರ ಜೋತಾಡುತ್ತಿರುವಾಗ ಕೊನೆಯ ಬಿಗಿ ಮಾಡಬಾರದು. ನಾಲ್ಕೂ ಚಕ್ರ ನೆಲಕ್ಕೆ ಕೂತು, ಗಾಡಿಯನ್ನು ಎರಡು ಸಲ ಒತ್ತಿ ಬಿಟ್ಟ ಮೇಲೆಯೇ ಟಾರ್ಕ್ ವ್ರೆಂಚಿನಿಂದ ಬಿಗಿಯಬೇಕು. ಇಲ್ಲದಿದ್ದರೆ ಬುಷ್ಷು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಬ್ರೇಕ್ ಹೋಸು ಮತ್ತು ಎ.ಬಿ.ಎಸ್. ತಂತಿಗಳು ಚಕ್ರ ಪೂರ್ತಿ ಜೋತಾಗ ಎಳೆದು ಬಿಗಿಯಾಗುತ್ತವೆಯೇ ಎಂದು, ಮುಂದಿನ ಚಕ್ರಗಳನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ಕೈಯಿಂದಲೇ ಮುಟ್ಟಿ ನೋಡಿ. ಅಲೈನ್‌ಮೆಂಟ್ ಅದೇ ದಿನ ಮಾಡಿಸಿ, ಮೊದಲಿನ ಮತ್ತು ನಂತರದ ಅಂಕಿಗಳ ಮುದ್ರಿತ ಚೀಟಿ ಪಡೆದುಕೊಳ್ಳಿ.

ಹೊಸ ಸ್ಪ್ರಿಂಗುಗಳು ಮೊದಲ ಕೆಲವು ಸಾವಿರ ಕಿಲೋಮೀಟರಿನಲ್ಲಿ ಕೆಲವು ಮಿಲಿಮೀಟರ್ ಕುಳಿತುಕೊಳ್ಳುವುದು ಸಹಜ. 500ರಿಂದ 1,000 ಕಿ.ಮೀ. ಓಡಿದ ಮೇಲೆ ಯು-ಬೋಲ್ಟುಗಳನ್ನು ಮತ್ತೊಮ್ಮೆ ಟಾರ್ಕ್ ಅಳತೆಗೆ ಬಿಗಿಸಿ, ಹಬ್‌ನಿಂದ ಮಡ್‌ಗಾರ್ಡಿಗೆ ಅಳತೆ ತೆಗೆದು ಹಳೆಯ ಕಾಗದದ ಅಂಕಿಗಳ ಪಕ್ಕ ಬರೆದಿಡಿ. ಮಳೆಗಾಲಕ್ಕೆ ಮುಂಚೆ ಯು-ಬೋಲ್ಟಿನ ಹೊರಚಾಚಿದ ಥ್ರೆಡ್‌ಗಳಿಗೆ ಗ್ರೀಸು ಬಳಿಸಿ. ಮೀನು ಸಾಗಿಸುವವರು ಪ್ರತಿ ಲೋಡಿನ ನಂತರ ಪ್ಲೇಟುಗಳ ನಡುವಿನ ಉಪ್ಪು ಹೋಗುವಂತೆ ಸಿಹಿನೀರಿನಲ್ಲಿ ತೊಳೆಯಬೇಕು; ತುಕ್ಕಿನಿಂದ ಒಂದಕ್ಕೊಂದು ಅಂಟಿಕೊಂಡ ಪ್ಲೇಟುಗಳು ಜಾರದೆ ಗಟ್ಟಿಯಾಗಿ, ಎಷ್ಟೇ ಒಳ್ಳೆಯ ಸೆಟ್ ಆದರೂ ಸೆಂಟರ್ ಬೋಲ್ಟಿನ ಬಳಿ ಸೀಳು ಬಿಡುತ್ತವೆ.